ಹಾಡಿನ ನಡುವೆ ಎದ್ದು ಹೋದವಳು

೬ ಫೆಬ್ರುವರಿ ೧೯೯೪

ಟೀಚರ್ ಅವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ನನ್ನದು ಕನ್ನಡಕದ ಅಂಗಡಿ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಜನರ ಕಣ್ಣಿಗೆ ತಕ್ಕ ಗಾಜು ಉಜ್ಜುವುದು ನನ್ನ ಕೆಲಸ. ಉಳಿದ ಹೊತ್ತಿಗೆ ನನಗೊಂದು ಹುಚ್ಚಿದೆ, ಹಳೆಯ ಹಾಡಿನ ಕಿರುಚಿತ್ರಗಳನ್ನು ಕೂಡಿಡುವುದು. ನಿಮ್ಮ ಕಾಲದಲ್ಲಿ ಹೋಟೆಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆ ಇರುತ್ತಿತ್ತಲ್ಲ, ನಾಣ್ಯ ಹಾಕಿದರೆ ಗಾಜಿನ ಮೇಲೆ ಮೂರು ನಿಮಿಷ ಒಂದು ಹಾಡು ಮೂಡಿ ಆರಿಹೋಗುತ್ತಿತ್ತಲ್ಲ, ಆ ಚಿತ್ರಗಳು. ಟೀವಿ ಬಂದಮೇಲೆ ಪೆಟ್ಟಿಗೆಗಳು ಗುಜರಿಗೆ ಹೋದವು. ಸುರುಳಿಗಳು ದಿಕ್ಕಾಪಾಲಾದವು.

ಪೆಟ್ಟಿಗೆಯೊಳಗೆ ಕನ್ನಡಿಗಳಿದ್ದುದರಿಂದ ಆ ಚಿತ್ರಗಳನ್ನು ಎಡಬಲ ತಿರುಗಿಸಿ ಮುದ್ರಿಸುತ್ತಿದ್ದರು. ನನ್ನ ಪ್ರೊಜೆಕ್ಟರಿನಲ್ಲಿ ಹಾಕಿದರೆ ಎಲ್ಲರೂ ಎಡಚರೇ. ಅದಕ್ಕೇ ನಾನು ಪರದೆಗೆ ಬೆನ್ನು ಹಾಕಿ ಕೂತು, ಎದುರಿಗೆ ಅಂಗಡಿಯ ಕನ್ನಡಿ ಇಟ್ಟುಕೊಂಡು ನೋಡುತ್ತೇನೆ. ಕಂಡವರು ನಗುತ್ತಾರೆ.

ನನ್ನ ಬಳಿ ಇರುವ ನೂರಾ ಹನ್ನೊಂದು ಸುರುಳಿಗಳಲ್ಲಿ ಒಂದು ನನ್ನನ್ನು ಕೂರಲು ಬಿಡುವುದಿಲ್ಲ. ೧೯೫೧ರದು. ಹಲಗೆಗೆ ಬಣ್ಣ ಬಳಿದು ಮಾಡಿದ ಹಡಗಿನ ಮೇಲಟ್ಟ. ಮುಂದೆ ಚುಕ್ಕಿ ಉಡುಪಿನ ಹುಡುಗಿ ಹಾಡುತ್ತ ಕುಣಿಯುತ್ತಾಳೆ. ಹಿಂದೆ ಸ್ಟೂಲಿನ ಮೇಲೆ ಇನ್ನೊಬ್ಬಳು ಅಕಾರ್ಡಿಯನ್ ನುಡಿಸುತ್ತಾಳೆ. ಎರಡನೇ ಚರಣದ ಎರಡು ಸಾಲು ಮುಗಿಯುವಷ್ಟರಲ್ಲಿ ಈ ನುಡಿಸುವವಳು ಎದ್ದುಬಿಡುತ್ತಾಳೆ. ವಾದ್ಯ ಕಳಚಿ ಸ್ಟೂಲಿನ ಮೇಲಿಟ್ಟು, ಹಾಡುವವಳ ಪಕ್ಕ ಒಂದು ಗಳಿಗೆ ನಿಂತು, ಬಲಗಡೆಯ ಬಾಗಿಲಿನಿಂದ ಹೊರಟುಹೋಗುತ್ತಾಳೆ. ಮತ್ತೆ ಬರುವುದಿಲ್ಲ. ಅಕಾರ್ಡಿಯನ್ ಸದ್ದು ಮಾತ್ರ ಹಾಡು ಮುಗಿಯುವವರೆಗೂ ಕೇಳುತ್ತದೆ. ಧ್ವನಿಯನ್ನು ಮೊದಲೇ ಮುದ್ರಿಸಿಕೊಂಡು ಆಮೇಲೆ ಚಿತ್ರ ತೆಗೆಯುತ್ತಿದ್ದರಲ್ಲ, ಅದಕ್ಕೆ.

ಇಂಥ ತಪ್ಪನ್ನು ಯಾಕೆ ಉಳಿಸಿಕೊಂಡರು ಎಂದು ಆ ಸ್ಟುಡಿಯೋದಲ್ಲಿ ದೀಪ ಹಿಡಿಯುತ್ತಿದ್ದ ಮುದುಕರನ್ನು ಕೇಳಿದೆ. "ಫಿಲ್ಮ್ ಮುಗಿದುಹೋಗಿತ್ತಯ್ಯಾ, ಇನ್ನೊಂದ್ಸಲ ಎಲ್ಲಿಂದ ತೆಗೀತಾರೆ? ಆ ಹುಡುಗಿ ಈಗ ಟೈಪಿಂಗ್ ಟೀಚರು" ಎಂದು ನಿಮ್ಮ ವಿಳಾಸ ಕೊಟ್ಟರು.

ಸುರುಳಿಗೆ ಹುಳಿ ವಾಸನೆ ಹಿಡಿದಿದೆ. ಹಳೆಯ ಫಿಲ್ಮು ಸಾಯುವಾಗ ಹಾಗೇ ನಾರುತ್ತದೆ. ಅದು ಪುಡಿಯಾಗುವ ಮುಂಚೆ ನನಗೆ ತಿಳಿಯಬೇಕು. ನೀವು ಎದ್ದು ಹೋದದ್ದು ಯಾಕೆ?

ಉತ್ತರದ ಆಸೆಯಲ್ಲಿ,
ಕನ್ನಡಕದ ಅಂಗಡಿಯವನು


೨೧ ಫೆಬ್ರುವರಿ ೧೯೯೪

ಕನ್ನಡಕದವರೇ,

ಆ ಹುಡುಗಿ ನಾನಲ್ಲ ಎಂದು ಒಂದು ಕಾಗದ ಟೈಪ್ ಮಾಡಿದೆ. ಓದಿ ನೋಡಿದೆ. ಒಂದೂ ಅಕ್ಷರದೋಷ ಇರಲಿಲ್ಲ. ಆದರೂ ಸುಳ್ಳು ಸುಳ್ಳೇ. ಹರಿದು ಹಾಕಿದೆ.

ಹೌದು, ನಾನೇ. ಹೊಟ್ಟೆನೋವು ಬಂದಿತ್ತು, ಎದ್ದು ಹೋದೆ. ಇಷ್ಟೇ. ಇಷ್ಟಕ್ಕೆ ನಲವತ್ತಮೂರು ವರ್ಷ ಆದಮೇಲೆ ಒಬ್ಬ ಗಂಡಸು ಕನ್ನಡಿ ಹಿಡಿದುಕೊಂಡು ಕೂರಬೇಕೇ?

ಇಲ್ಲಿ ಹನ್ನೆರಡು ಟೈಪ್‌ರೈಟರುಗಳಿವೆ, ಏಳು ಹುಡುಗಿಯರಿದ್ದಾರೆ. ಎದುರು ಬೀದಿಯಲ್ಲಿ ಕಂಪ್ಯೂಟರ್ ಕ್ಲಾಸು ಬಂದಿದೆ. ನನ್ನ ಹುಡುಗಿಯರು ಬೆರಳು ಕೀಲಿಯ ಮೇಲೆ, ಕಣ್ಣು ಕಿಟಕಿಯ ಮೇಲೆ ಇಟ್ಟು ಕೂರುತ್ತಾರೆ. ನನಗೆ ಬೇರೆ ಚಿಂತೆಗಳಿವೆ.

ಮುಂದೆ ನಿಂತು ಕುಣಿದ ಆ ಹುಡುಗಿ ತೀರಿಕೊಂಡಳೆಂದು ಬಹಳ ಹಿಂದೆ ಯಾರೋ ಹೇಳಿದರು. ಆಮೇಲೂ ಹದಿನೆಂಟು ಚಿತ್ರ ಮಾಡಿದಳಂತೆ. ನಾನೊಂದನ್ನೂ ನೋಡಲಿಲ್ಲ. ಪೆಟ್ಟಿಗೆ ಇಟ್ಟ ಹೋಟೆಲಿಗೆ ಕಾಲಿಡುತ್ತಿರಲಿಲ್ಲ.

ಟೀಚರ್

ಆ ಸುರುಳಿ ಇನ್ನೂ ಓಡುತ್ತದೆಯೇ? ಸುಮ್ಮನೆ ಕೇಳಿದೆ.


೨ ಮಾರ್ಚ್ ೧೯೯೪

ಟೀಚರ್,

ಓಡುತ್ತದೆ. ಆದರೆ ಒಂದೊಂದು ಸಲ ಓಡಿಸಿದಾಗಲೂ ಅಂಚಿನ ತೂತುಗಳು ಒಂದಿಷ್ಟು ಸವೆಯುತ್ತವೆ. ತಿಂಗಳಿಗೆ ಒಮ್ಮೆ ಮಾತ್ರ ಎಂದು ಶಪಥ ಮಾಡಿದ್ದೇನೆ. ನಿಮ್ಮ ಕಾಗದ ಬಂದ ದಿನ ಶಪಥ ಮುರಿದೆ.

ಹೊಟ್ಟೆನೋವಿನ ಮಾತು ನಾನು ನಂಬುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಹೊಟ್ಟೆ ಹಿಡಿದುಕೊಂಡು ಓಡುವವರು ಅಕಾರ್ಡಿಯನ್ನಿನ ಪಟ್ಟಿಯನ್ನು ಹಾಗೆ ನಿಧಾನವಾಗಿ ಮಡಿಸಿ ಇಡುವುದಿಲ್ಲ. ಮತ್ತೆ, ನೀವು ಹಾಡುವವರ ಪಕ್ಕ ನಿಂತು ಏನೋ ಹೇಳುತ್ತೀರಿ. ಒಂದೇ ಒಂದು ಮಾತು. ತುಟಿ ಅಲುಗುವುದು ಕಾಣುತ್ತದೆ. ಆ ಒಂದು ಚೌಕಟ್ಟನ್ನು ಫೋಟೋ ಮಾಡಿಸಿ ಇದರ ಜೊತೆ ಕಳಿಸಿದ್ದೇನೆ. ಏನು ಹೇಳಿದಿರಿ?

ಮೇ ಹದಿನೈದು, ಭಾನುವಾರ ಮಧ್ಯಾಹ್ನ, ಇಲ್ಲಿನ ಶಾಲೆಯ ಹಾಲಿನಲ್ಲಿ ನಮ್ಮ ಸಂಗ್ರಾಹಕರ ಕೂಟ. ನಾವು ಮೂವತ್ತು ಜನ ಇದ್ದೇವೆ, ಒಬ್ಬರಿಗಿಂತ ಒಬ್ಬರು ವಿಚಿತ್ರ. ಒಬ್ಬರು ನಾಯಿ ಕಾಣಿಸಿಕೊಳ್ಳುವ ಹಾಡುಗಳನ್ನು ಮಾತ್ರ ಕೂಡಿಡುತ್ತಾರೆ. ಇನ್ನೊಬ್ಬರ ಹತ್ತಿರ ಪೆಟ್ಟಿಗೆ ಇದೆ, ಚಿತ್ರ ಒಂದೂ ಇಲ್ಲ. ಅದನ್ನೇ ದಿನಾ ಒರೆಸುತ್ತಾರೆ, ಅವರ ಹೆಂಡತಿ ಅದರಲ್ಲಿ ಬೆಡ್‌ಶೀಟು ಇಡಬೇಕೆಂದು ಕಾಯುತ್ತಿದ್ದಾರೆ. ಆ ದಿನ ನಾನು ನಿಮ್ಮ ಚಿತ್ರ ತೋರಿಸಬೇಕೆಂದಿದ್ದೇನೆ. ತೋರಿಸಿದ ಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿಲ್ಲ ಎನ್ನಲು ನನಗೆ ಮನಸ್ಸಿಲ್ಲ.

ದಯವಿಟ್ಟು ಬರೆಯಿರಿ.

ಕನ್ನಡಕದವನು


೪ ಏಪ್ರಿಲ್ ೧೯೯೪

ಕನ್ನಡಕದವರೇ,

ನಿಮ್ಮ ಫೋಟೋ ತಿಂಗಳಿಡೀ ಮೇಜಿನ ಡ್ರಾಯರಿನಲ್ಲಿ ಕಾರ್ಬನ್ ಹಾಳೆಗಳ ಕೆಳಗಿತ್ತು. ಕಾರ್ಬನ್ ಬೇಕಾದಾಗಲೆಲ್ಲ ಕಣ್ಣಿಗೆ ಬೀಳುತ್ತಿತ್ತು. ಒಬ್ಬಳು ಹುಡುಗಿ ನೋಡಿ, "ಟೀಚರ್, ಇದು ಯಾರು, ನಿಮ್ಮ ಮಗಳಾ?" ಎಂದಳು. ಅವತ್ತು ಪಾಠ ಬೇಗ ಬಿಟ್ಟೆ.

ನಾವು ಮೂವರಿದ್ದೆವು. ನನ್ನ ಸ್ವಂತ ಅಕ್ಕ, ನಾನು, ಮತ್ತೆ ನಮ್ಮ ಪಕ್ಕದ ಮನೆಯ ಗುಬ್ಬಿ. ಗುಬ್ಬಿ ಎಂದರೆ ಮುಂದೆ ನಿಂತು ಕುಣಿದವಳು. ಎರಡು ನಿಮಿಷ ಒಂದೆಡೆ ನಿಲ್ಲುತ್ತಿರಲಿಲ್ಲ, ಅದಕ್ಕೆ ಆ ಹೆಸರು. ನನ್ನನ್ನು ಅವಳು ಮೊಂಡಿ ಎನ್ನುತ್ತಿದ್ದಳು. ಮದುವೆಮನೆ, ಕ್ಲಬ್ಬು, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಮೂವರೂ ಹೋಗುತ್ತಿದ್ದೆವು. ಸ್ಟುಡಿಯೋದಿಂದ ಕರೆ ಬಂದಾಗ ಅಕ್ಕನಿಗೆ ಇಪ್ಪತ್ತಮೂರು, ಗುಬ್ಬಿಗೆ ಇಪ್ಪತ್ತು, ನನಗೆ ಹದಿನೆಂಟು.

ಮೊದಲ ದಿನ ಧ್ವನಿ ಮುದ್ರಣ. ಎರಡನೇ ದಿನ ಚಿತ್ರೀಕರಣ. ಎರಡನೇ ದಿನ ಬೆಳಗ್ಗೆ ಡೈರೆಕ್ಟರು ಅಕ್ಕನನ್ನು ಬೆಳಕಿನಲ್ಲಿ ನಿಲ್ಲಿಸಿ ನೋಡಿದ. ಅಕ್ಕನ ಮುಖದ ಮೇಲೆ ಸಿಡುಬಿನ ಕಲೆಗಳಿದ್ದವು. "ಇವರು ಬೇಡ. ಹೊರಗೆ ಕೂತಿರಲಿ" ಎಂದ. ಅವಳಿಗೇ ಹೇಳಲಿಲ್ಲ, ಪಕ್ಕದವನಿಗೆ ಹೇಳಿದ, ಕುರ್ಚಿ ಎತ್ತಿಡಲು ಹೇಳುವ ಹಾಗೆ.

ಮೂವರಲ್ಲಿ ಒಬ್ಬರನ್ನು ಬಿಟ್ಟರೂ ಮೂವರೂ ಹೊರಗೆ ಎಂದು ನಾವು ಮಾತಾಡಿಕೊಂಡಿದ್ದೆವು. ಆ ಮಾತು ಎತ್ತಿದ್ದೇ ಗುಬ್ಬಿ. ಬಣ್ಣ ಹಚ್ಚುವ ಕೋಣೆಯಲ್ಲಿ ನಾನು ಅವಳ ಕಡೆ ನೋಡಿದೆ. "ಶುರು ಆಗಲಿ, ನಡುವೆ ಎದ್ದು ಹೋಗೋಣ, ಆಗ ಅವರಿಗೆ ಬುದ್ಧಿ ಬರುತ್ತೆ" ಎಂದಳು. ಶುರುವಾಯಿತು. ನಾನು ಎದ್ದೆ. ಪಕ್ಕ ನಿಂತು "ಬಾ" ಎಂದೆ. ಅವಳು ಬರಲಿಲ್ಲ.

ನನ್ನನ್ನು ಮತ್ತೆ ಯಾರೂ ವಾದ್ಯ ನುಡಿಸಲು ಕರೆಯಲಿಲ್ಲ. ನಡುವೆ ಎದ್ದು ಹೋಗುವವಳು ಎಂದು ಹೆಸರಾಯಿತು. ಬೆರಳುಗಳಿಗೆ ಏನಾದರೂ ಕೆಲಸ ಬೇಕಿತ್ತು, ಟೈಪಿಂಗ್ ಕಲಿತೆ.

ಗುಬ್ಬಿಯ ಮೇಲೆ ನನಗೀಗ ಕೋಪವಿಲ್ಲ. ಪಾಪ, ಹೆದರಿದಳು. ಎದುರಿಗೆ ಅಷ್ಟು ದೊಡ್ಡ ದೀಪಗಳು, ಅಷ್ಟು ಗಂಡಸರು. ಹೆದರಿದ ಹುಡುಗಿಯನ್ನು ಎಷ್ಟು ವರ್ಷ ಅಂತ ಬೈಯುವುದು? ಸತ್ತವರ ವಿಷಯದಲ್ಲಿ ದೊಡ್ಡ ಮನಸ್ಸು ಮಾಡುವುದು ಸುಲಭ ಕೂಡ.

ಈಗ ನಿಮ್ಮ ಕೂಟದಲ್ಲಿ ಹೇಳಲು ಉತ್ತರ ಸಿಕ್ಕಿತಲ್ಲ. ನನ್ನದೂ ಒಂದು ಪ್ರಶ್ನೆ. ಧ್ವನಿ ಚೆನ್ನಾಗಿ ಉಳಿದಿದೆಯೇ? ಎರಡನೇ ಚರಣ ಸರಿಯಾಗಿ ಕೇಳುತ್ತದೆಯೇ?

ಟೀಚರ್


೧೨ ಏಪ್ರಿಲ್ ೧೯೯೪

ಟೀಚರ್,

ನಿಮ್ಮ ಕಾಗದವನ್ನು ಅಂಗಡಿಯಲ್ಲೇ ಓದಿದೆ. ಒಬ್ಬರ ಬಲಗಣ್ಣಿನ ಗಾಜನ್ನು ಎಡಗಡೆ ಕೂರಿಸಿ ಕಳಿಸಿಬಿಟ್ಟೆ, ಅವರು ಬೀದಿ ದಾಟಲಾಗದೆ ವಾಪಸು ಬಂದರು.

"ಬಾ." ಅಷ್ಟೇ. ನಾನು ಏನೇನೋ ಊಹಿಸಿದ್ದೆ, "ಸಾಕು" ಎಂದು, "ಥೂ" ಎಂದು. ಅವತ್ತು ಸಂಜೆ ಮತ್ತೆ ಹಾಕಿ ನೋಡಿದೆ. ನೀವು ಹಾಗೆಂದ ಮೇಲೆ ಅವರ ತುಟಿ ನಾಲ್ಕು ಕ್ಷಣ ಅಲುಗುವುದಿಲ್ಲ. ಹಾಡು ನಡೆಯುತ್ತಿದೆ, ಬಾಯಿ ಮುಚ್ಚಿದೆ. ಆಮೇಲೆ ಮತ್ತೆ ತೆರೆಯುತ್ತದೆ. ಇದನ್ನು ಇಷ್ಟು ವರ್ಷ ಸುರುಳಿಯ ದೋಷ ಎಂದುಕೊಂಡಿದ್ದೆ!

ಎರಡನೇ ಚರಣ ಗಾಜಿನಷ್ಟು ಸ್ವಚ್ಛ. ಅದಕ್ಕೇ ನಾನು ಮರುಳಾದದ್ದು. "ತೀರ" ಎನ್ನುವ ಕಡೆ ದನಿ ಸ್ವಲ್ಪ ಒರಟಾಗಿ ಮೇಲೇರುತ್ತದೆ, ಆಗ ಮೈ ಜುಮ್ ಎನ್ನುತ್ತದೆ. ಇಂಥ ಕಂಠ ಇಟ್ಟುಕೊಂಡು ಮನೆಯಲ್ಲಿ ಒಂದು ದಿನವೂ ಒಂದು ಸಾಲು ಗುನುಗಿದ್ದನ್ನು ನಾನು ಕೇಳಲಿಲ್ಲ ಎಂದರೆ ನಂಬುತ್ತೀರಾ? ದೊಡ್ಡ ಕಲಾವಿದರಿಗೆ ಅಂಥ ಸಂಕೋಚ ಇರುತ್ತದೇನೋ.

ನೀವು ಕೂಟಕ್ಕೆ ಬರಬೇಕು. ಬಸ್ಸಿನ ವ್ಯವಸ್ಥೆ ನಾನು ಮಾಡುತ್ತೇನೆ. ಇಲ್ಲವೆನ್ನಬೇಡಿ. ಕೂತಲ್ಲಿ ಕೂರಲಾಗುತ್ತಿಲ್ಲ ನನಗೆ.

ಕನ್ನಡಕದವನು


೧೮ ಏಪ್ರಿಲ್ ೧೯೯೪

ಮನೆಯಲ್ಲಿ ಎಂದಿರಿ. ಯಾರ ಮನೆಯಲ್ಲಿ?

ನೀವು ಯಾರು?

ಟೀಚರ್


೨೪ ಏಪ್ರಿಲ್ ೧೯೯೪

ಟೀಚರ್,

ಆ ಸಾಲು ಬರೆದದ್ದು ನನಗೆ ಗೊತ್ತೇ ಆಗಲಿಲ್ಲ. ನಿಮ್ಮ ಕಾಗದ ಬಂದಮೇಲೆ ನೆನಪಿಸಿಕೊಂಡು ತಲೆ ಚಚ್ಚಿಕೊಂಡೆ.

ನಾನು ಅವರ ಮಗ. ನೀವು ಗುಬ್ಬಿ ಎನ್ನುವವರು ನನ್ನ ತಾಯಿ. ಸತ್ತಿಲ್ಲ. ಅರವತ್ತಮೂರು ವರ್ಷ, ನಾನಿದನ್ನು ಬರೆಯುವಾಗ ಪಕ್ಕದ ಕೋಣೆಯಲ್ಲಿ ಕಿಟಕಿಯ ಪರದೆಗಳನ್ನು ಒಗೆಯಲು ಬಿಚ್ಚುತ್ತಿದ್ದಾರೆ. ಹೋದ ವಾರವಷ್ಟೇ ಒಗೆದಿದ್ದರು. ಅವರು ಹಾಗೇ. ಮನೆಯಲ್ಲಿ ಯಾವುದನ್ನೂ ಇದ್ದಲ್ಲಿ ಇರಲು ಬಿಡುವುದಿಲ್ಲ, ತಮ್ಮನ್ನೂ ಸೇರಿಸಿ.

ತೀರಿಕೊಂಡಳಂತೆ ಎಂದು ನೀವು ಬರೆದಾಗ ಮರುಟಪಾಲಿನಲ್ಲೇ ತಿದ್ದಬೇಕಿತ್ತು. ತಿದ್ದಿದ್ದರೆ ನೀವು ಮುಂದೆ ಬರೆಯುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅದಕ್ಕೇ ಸುಮ್ಮನಾದೆ. ತಪ್ಪು ನನ್ನದು.

ಅಮ್ಮ ಆ ದಿನಗಳ ಬಗ್ಗೆ ಬಾಯಿಯೇ ಬಿಡುವುದಿಲ್ಲ. ಈ ಸುರುಳಿ ಸಿಕ್ಕಿದ ದಿನ ಕುಣಿಯುತ್ತ ತಂದು ಹಾಕಿದೆ. ಹಡಗು ಕಂಡಿದ್ದೇ ತಡ, ಎದ್ದು ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದರು. "ಹಿಂದೆ ಕೂತವರು ಯಾರಮ್ಮಾ?" ಎಂದೆ. "ಯಾರೋ" ಎಂದರು. ಆ 'ಯಾರೋ'ವನ್ನು ಹುಡುಕಿಕೊಂಡು ನಾನು ನಿಮ್ಮವರೆಗೆ ಬಂದೆ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಕೂಟಕ್ಕೆ ಇನ್ನೂರು ಕರಪತ್ರ ಅಚ್ಚು ಹಾಕಿಸಿದ್ದೇನೆ. "ಕಂಠ ಮತ್ತು ನೃತ್ಯ: ನನ್ನ ತಾಯಿ" ಎಂದು. ಅಮ್ಮನಿಗೆ ಗೊತ್ತಿಲ್ಲ. ಆ ದಿನ ಏನೋ ನೆಪ ಹೇಳಿ ಕರೆದುಕೊಂಡು ಹೋಗುತ್ತೇನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರೆ ಅವರ ಒಳಗಿನ ಗಂಟು ಸಡಿಲವಾಗಬಹುದು. ನೀವೂ ಎದುರಿಗೆ ಬಂದರೆ ಇನ್ನೇನು ಬೇಕು?

ಬೈಯಿರಿ. ಆದರೆ ಬರೆಯಿರಿ.

ಗುಬ್ಬಿಯ ಮಗ


೩ ಮೇ ೧೯೯೪

ಗುಬ್ಬಿಯ ಮಗನಿಗೆ,

ಇದು ನಾಲ್ಕನೆಯ ಹಾಳೆ. ಮೂರು ಹರಿದಾಯಿತು. ಬದುಕಿರುವವಳನ್ನು ಸತ್ತವಳೆಂದು ತಿಳಿದು ನಾನು ಆಡಿದ ಮಾತುಗಳನ್ನೆಲ್ಲ ನೀನು ಕೂತು ಓದಿದೆ. ಇನ್ನು ನಿನಗೆ ಬಹುವಚನ ಇಲ್ಲ.

ಮೊದಲ ಹಾಳೆಯಲ್ಲಿ ಬರೀ ಬೈಗುಳ ಇತ್ತು. ಎರಡನೆಯದರಲ್ಲಿ "ನಿನ್ನ ತಾಯಿಗೆ ನನ್ನ ನೆನಪುಗಳು" ಎಂದು ಬರೆದು ಮುಗಿಸಿದ್ದೆ. ಮಗನಿಗೆ ಅಮ್ಮನ ಮೇಲೆ ಇರುವ ಅಭಿಮಾನವನ್ನು ನಾನೇಕೆ ಕೆಡಿಸಲಿ ಎಂದುಕೊಂಡೆ. ಆದರೆ ಆ ಕರಪತ್ರ ಮನಸ್ಸಿನಿಂದ ಹೋಗಲಿಲ್ಲ. ನಲವತ್ತು ವರ್ಷ ಬೇರೆಯವರ ಹಾಳೆಯ ತಪ್ಪಿಗೆ ಕೆಂಪು ಗೆರೆ ಎಳೆದವಳು ನಾನು. ಇದನ್ನು ನೋಡಿಯೂ ಬಿಡಲಾರೆ.

ಕಂಠ ನಿನ್ನ ತಾಯಿಯದಲ್ಲ. ಅದು ನನ್ನ ಅಕ್ಕನದು.

ಮೊದಲ ದಿನ ಧ್ವನಿ ಮುದ್ರಣವಾಯಿತು ಎಂದಿದ್ದೆನಲ್ಲ, ಹಾಡಿದ್ದು ಅಕ್ಕ. ಒಂದೇ ಸಲಕ್ಕೆ, ತಪ್ಪಿಲ್ಲದೆ. ಗುಬ್ಬಿಗೆ ಕುಣಿತ ಬರುತ್ತಿತ್ತು, ಶ್ರುತಿ ಬರುತ್ತಿರಲಿಲ್ಲ. ನಮಗೆಲ್ಲ ಗೊತ್ತಿದ್ದದ್ದೇ, ಅವಳೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಚಿತ್ರದಲ್ಲಿ ಅಕ್ಕ ಮುಂದೆ ನಿಂತು ಹಾಡುವುದು, ಗುಬ್ಬಿ ಕುಣಿಯುವುದು ಎಂದಿತ್ತು. ಬೆಳಗ್ಗೆ ಡೈರೆಕ್ಟರು ಅಕ್ಕನ ಮುಖ ನೋಡಿ, "ದನಿ ಸಿಕ್ಕಿದೆಯಲ್ಲ, ಬಾಯಿ ಆ ಹುಡುಗಿ ಆಡಿಸಲಿ" ಎಂದ. ಬಾಗಿಲ ಆಚೆ ಬೆಂಚಿನ ಮೇಲೆ ಕೂತು ಅಕ್ಕ ತನ್ನ ಹಾಡನ್ನು ತಾನೇ ಕೇಳುತ್ತಿದ್ದಳು. ಆ ಸದ್ದಿನಲ್ಲಿ ನಾನು ಕೂತು ಬೆರಳಾಡಿಸಲಾರದೆ ಹೋದೆ.

ಅಕ್ಕ ಆಮೇಲೆ ನರ್ಸ್ ಕೆಲಸಕ್ಕೆ ಸೇರಿದಳು. ಮತ್ತೆ ವೇದಿಕೆ ಹತ್ತಲಿಲ್ಲ. ವಾರ್ಡಿನಲ್ಲಿ ರೋಗಿಗಳ ಹಾಸಿಗೆ ಬಿಡಿಸುವಾಗ ಗುನುಗುತ್ತಿದ್ದಳಂತೆ. ಹನ್ನೊಂದು ವರ್ಷದ ಹಿಂದೆ ಹೋದಳು. ಅವಳ ದನಿ ಬೇರೆ ಎಲ್ಲೂ ಇಲ್ಲ. ಒಂದು ಕ್ಯಾಸೆಟ್ಟಿನಲ್ಲೂ ಇಲ್ಲ. ನೀನು ಮುಟ್ಟಿ ಮುಟ್ಟಿ ಸವೆಸುತ್ತಿರುವ ಆ ಡಬ್ಬಿಯಲ್ಲಿ ಇರುವವಳು ನನ್ನ ಅಕ್ಕ.

ನಿನಗೆ ನೋವಾಗುತ್ತದೆ, ಗೊತ್ತು. ಕರಪತ್ರ ಹಂಚಬೇಡ.

ಟೀಚರ್


೨೦ ಮೇ ೧೯೯೪

ಮಗು,

ಹದಿನೈದು ಕಳೆದು ಐದು ದಿನವಾಯಿತು. ನಿನ್ನಿಂದ ಒಂದು ಕಾರ್ಡೂ ಇಲ್ಲ. ಅಂಚೆಯವನು ದಿನಾ "ಇಲ್ಲ ಟೀಚರಮ್ಮ" ಎಂದು ನಾನು ಕೇಳುವ ಮುಂಚೆಯೇ ಹೇಳುತ್ತಾನೆ.

ನಾನು ಹೇಳಬಾರದಿತ್ತೇನೋ. ಇಲ್ಲ, ಹೇಳಲೇಬೇಕಿತ್ತು. ಎರಡೂ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಸಿಟ್ಟಿದ್ದರೆ ಸಿಟ್ಟಿನದೇ ಒಂದು ಸಾಲು ಬರೆದು ಹಾಕು.

ಟೀಚರ್


೨೯ ಮೇ ೧೯೯೪

ಮೊಂಡಿ,

ಅಕ್ಷರ ನೋಡಿ ನಾನೆಂದು ತಿಳಿಯಿತೋ ಇಲ್ಲವೋ. ಗುಬ್ಬಿ ನಾನು.

ನನ್ನ ಮಗ ಹತ್ತು ದಿನ ಸರಿಯಾಗಿ ಊಟ ಮಾಡಲಿಲ್ಲ, ನನ್ನ ಮುಖ ನೋಡಿದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಕೂಟದ ಹಿಂದಿನ ದಿನ ಕಸ ಗುಡಿಸುವಾಗ ಅವನ ಮಂಚದ ಕೆಳಗೆ ಒಂದು ಕಟ್ಟು ಸಿಕ್ಕಿತು. ಇನ್ನೂರು ಹಾಳೆ, ಎಲ್ಲದರ ಮೇಲೂ ನನ್ನ ಹೆಸರು. "ಏನೋ ಇದು?" ಎಂದೆ. ಅವನು ನಿನ್ನ ಕಾಗದಗಳನ್ನು ತಂದು ನನ್ನ ಮುಂದಿಟ್ಟು ಅಂಗಡಿಗೆ ಹೋದ. ಎಲ್ಲವನ್ನೂ ಓದಿದೆ. ಸಂಜೆ ಬಂದು ಬಾಗಿಲಲ್ಲೇ ನಿಂತು ಕೇಳಿದ, "ಹಾಡಿದ್ದು ನೀನಲ್ವಾ?"

"ಅಲ್ಲ" ಎಂದೆ.

"ಒಂದ್ಸಲನಾದ್ರೂ ಹೇಳಬಹುದಿತ್ತಲ್ಲಮ್ಮಾ."

"ನೀನು ಅಷ್ಟು ಖುಷಿಯಾಗಿ ಕೇಳ್ತಿದ್ದೆ. ಹೇಗೆ ಹೇಳೋದು?"

ಕೂಟ ರದ್ದು ಮಾಡುತ್ತೇನೆ ಎಂದ. ನಾನು ಬೇಡವೆಂದೆ. ಮರುದಿನ ನೀಲಿ ಸೀರೆ ಉಟ್ಟು ಅವನಿಗಿಂತ ಮುಂಚೆ ಆ ಶಾಲೆಯ ಹಾಲಿನಲ್ಲಿ ಹೋಗಿ ಕೂತೆ. ಚಿತ್ರವನ್ನು ಮೊದಲ ಸಲ ಪೂರ್ತಿ ನೋಡಿದೆ. ಮುಗಿದ ಮೇಲೆ ಚಪ್ಪಾಳೆಯೋ ಚಪ್ಪಾಳೆ. ನಾಯಿ ಚಿತ್ರಗಳ ಮನುಷ್ಯ ನನ್ನ ಗುರುತು ಹಿಡಿದು ಎದ್ದು, "ಅಮ್ಮಾ, ಒಂದೇ ಒಂದು ಸಾಲು ಹಾಡಿ" ಎಂದು ಕೈಮುಗಿದ. ನಾನು ಎದ್ದು ನಿಂತೆ. ದನಿ ನನ್ನದಲ್ಲ, ಹಿಂದೆ ಕೂತಿದ್ದ ಆ ಹುಡುಗಿಯ ಅಕ್ಕನದು ಎಂದೆ. ಅವಳನ್ನು ಯಾಕೆ ಹೊರಗೆ ಕೂರಿಸಿದರು, ಇವಳು ಯಾಕೆ ಎದ್ದು ಹೋದಳು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯುವವರೆಗೂ ಕೂರಲಿಲ್ಲ. ನನ್ನ ಮಗ ಪ್ರೊಜೆಕ್ಟರಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಮನೆಗೆ ಬರುವಾಗ ನನ್ನ ಕೈಚೀಲ ತೆಗೆದುಕೊಂಡ. ಅಷ್ಟೇ.

ಇಷ್ಟು ಸುಲಭದ ಭಾಗ. ಈಗ ಕಷ್ಟದ್ದು.

ನಾನು ಹೆದರಿದೆ ಎಂದು ನೀನು ಬರೆದಿದ್ದೀಯ. ಹೆದರಿದ್ದಕ್ಕೆ ಕ್ಷಮಿಸಿದ್ದೇನೆ ಎಂದಿದ್ದೀಯ. ಅದನ್ನು ಓದಿ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ನಾನು ಹೆದರಿರಲಿಲ್ಲ ಮೊಂಡಿ. ನೀನು "ಬಾ" ಅಂದದ್ದು ಕೇಳಿಸಿತು. ನನಗೆ ಬರಲು ಮನಸ್ಸಿರಲಿಲ್ಲ. ಆ ಬೆಳಕು ನನ್ನ ಮೇಲಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅದುವರೆಗೆ ನಾನು ನಿಮ್ಮಿಬ್ಬರ ಪಕ್ಕದಲ್ಲಿ ಕುಣಿಯುವವಳು, ಅವತ್ತು ಮೊದಲ ಸಲ ನಡುವೆ ನಿಂತಿದ್ದೆ. ಖುಷಿಯಾಗಿದ್ದೆ. ಬಾಗಿಲ ಆಚೆ ಅಕ್ಕ ಇದ್ದಾಳೆಂದು ಗೊತ್ತಿದ್ದೂ ಖುಷಿಯಾಗಿದ್ದೆ. ಈಗಲೂ ಹೊರಗೆ ಹೊರಡುವ ಮುಂಚೆ ಎರಡು ಸಲ ಕನ್ನಡಿ ನೋಡಿಕೊಳ್ಳುವವಳು ನಾನು.

ಹೆದರಿದವಳು ಎಂಬ ಹೆಸರಿನಲ್ಲಿ ಕ್ಷಮೆ ತೆಗೆದುಕೊಂಡರೆ ಅದೂ ಬೇರೆಯವರ ದನಿಗೆ ಬಾಯಿ ಆಡಿಸಿದ ಹಾಗೆಯೇ ಆಗುತ್ತದೆ. ಅದಕ್ಕೆ ಬರೆದೆ.

ಅಕ್ಕ ಹೋದದ್ದು ನಿನ್ನ ಕಾಗದದಿಂದ ತಿಳಿಯಿತು.

ಗುಬ್ಬಿ


೯ ಜೂನ್ ೧೯೯೪

ಗುಬ್ಬಿ,

ಮೂರು ದಿನ ಇನ್‌ಸ್ಟಿಟ್ಯೂಟಿಗೆ ರಜೆ ಕೊಟ್ಟು ಮನೆಯೊಳಗೆ ಶತಪಥ ಹಾಕಿದೆ. ನಲವತ್ತಮೂರು ವರ್ಷ ಒಬ್ಬಳು ಹೆದರಿದ ಹುಡುಗಿಯನ್ನು ಕಲ್ಪಿಸಿಕೊಂಡು, ಅವಳ ಮೇಲೆ ಕನಿಕರ ಪಟ್ಟು, ನಾನು ಒಳ್ಳೆಯವಳು ಎಂದುಕೊಂಡು ಬದುಕಿದೆ. ಆ ಹುಡುಗಿ ಇರಲೇ ಇಲ್ಲ ಎನ್ನುತ್ತೀಯಲ್ಲ. ಈಗ ನಾನು ಮೊದಲಿನಿಂದ ಸಿಟ್ಟಾಗಬೇಕು. ಈ ವಯಸ್ಸಿನಲ್ಲಿ ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ತರಲಿ?

ಕಾಗದದಲ್ಲಿ ನಿನ್ನ ಜೊತೆ ಜಗಳ ಆಡಲಾಗುವುದಿಲ್ಲ. ನನ್ನ ಟೈಪ್‌ರೈಟರ್ ಬಹಳ ಸಭ್ಯ.

ಹದಿನೆಂಟಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನನ್ನು ನೋಡಲು ಎಂದು ತಿಳಿಯಬೇಡ. ಅಕ್ಕನ ದನಿ ಕೇಳಲು ಬರುತ್ತಿದ್ದೇನೆ. ಸುರುಳಿ ಉಳಿದಿರುವಂತೆ ನೋಡಿಕೊಳ್ಳಲು ನಿನ್ನ ಮಗನಿಗೆ ಹೇಳು. ನಾನು ಬರುವವರೆಗೆ ಮುಟ್ಟಕೂಡದು.

ಮೊಂಡಿ


೨ ಜುಲೈ ೧೯೯೪

ಮಗು,

ಬಂದು ತಲುಪಿ ಹನ್ನೆರಡು ದಿನವಾಯಿತು. ನೀನು ಆ ಹಾಡು ತುಂಬಿಕೊಟ್ಟ ಕ್ಯಾಸೆಟ್ ಮೇಜಿನ ಮೇಲಿದೆ. ಇನ್ನೂ ಹಾಕಿಲ್ಲ.

ನಾನು ಹೊರಡುವಾಗ ನೀನು ಬಸ್ಸಿನ ಕಿಟಕಿಯ ಹತ್ತಿರ ನಿಂತು, "ಟೀಚರ್, ಏನನ್ನಿಸಿತು?" ಎಂದು ಕೇಳಿದೆ. ನಾನು ಚಿಲ್ಲರೆ ಹುಡುಕುವವಳ ಹಾಗೆ ಕೈಚೀಲದಲ್ಲಿ ಮುಖ ಹಾಕಿದೆ. ಈಗ ಹೇಳುತ್ತೇನೆ.

ನೀನು ಚಿತ್ರ ಹಾಕಿದಾಗ ನಾನು ಕಣ್ಣು ಮುಚ್ಚಿ ಕೂತೆ. ಅಕ್ಕನ ದನಿ ಬಂತು. ನನಗೆ ಗುರುತು ಸಿಗಲಿಲ್ಲ. ಈ ಹುಡುಗ ಬೇರೆ ಯಾವುದೋ ಸುರುಳಿ ಹಾಕಿದನೇ ಎಂದುಕೊಂಡೆ. ನನ್ನ ಕಿವಿಯಲ್ಲಿ ಉಳಿದಿದ್ದದ್ದು ವಾರ್ಡಿನ ಕೆಲಸ ಮುಗಿಸಿ ಬಂದು, ಕಾಲು ಚಾಚಿ, ಸುಸ್ತಾಗಿ ಗುನುಗುತ್ತಿದ್ದ ಅಕ್ಕ. ಇದು ಇಪ್ಪತ್ತಮೂರರ ಹುಡುಗಿ. ಎಷ್ಟು ತಿಳಿ ದನಿ, ಎಷ್ಟು ಧೈರ್ಯ! ನಾಳೆ ಬೆಳಗ್ಗೆ ಏನಾಗುತ್ತದೆ ಎಂದು ಗೊತ್ತಿಲ್ಲದ ದನಿ. ನನಗಿಂತ ಮೂವತ್ತೆಂಟು ವರ್ಷ ಚಿಕ್ಕವಳಾದ ನನ್ನ ಅಕ್ಕ. ಅವಳನ್ನು ಮಡಿಲಲ್ಲಿ ಮಲಗಿಸಿಕೊಳ್ಳಬೇಕು ಎನ್ನಿಸಿತು.

ಎರಡನೇ ಸಲ ಕಣ್ಣು ತೆರೆದು ನೋಡಿದೆ. ನಿನ್ನ ಅಮ್ಮ ನನ್ನ ಪಕ್ಕದಲ್ಲೇ ಸೆರಗಿನ ತುದಿ ತಿರುಚುತ್ತ ಕೂತಿದ್ದಳು, ಅವಳು ಬರೆದದ್ದು ನಿಜವೇ ಎಂದು ನನಗೆ ನೋಡಬೇಕಿತ್ತು. ನಿಜ. ಆ ಚುಕ್ಕಿ ಉಡುಪಿನ ಹುಡುಗಿ ಹೆದರಿಲ್ಲ. ಬೆಳಕಿನಲ್ಲಿ ಮಿಂದಹಾಗೆ ಇದ್ದಾಳೆ. ನಾನು ಎದ್ದು ಹೋದಾಗ ನಾಲ್ಕು ಕ್ಷಣ ಮುಖ ಬಾಡುತ್ತದೆ, ಮತ್ತೆ ಅರಳುತ್ತದೆ. ಅಷ್ಟು ಸಂತೋಷವಾಗಿರುವ ಒಂದು ಮಗುವನ್ನು ನೋಡಿ ಹೇಗೆ ಸಿಟ್ಟಾಗುವುದು? ನನ್ನಿಂದಾಗಲಿಲ್ಲ.

ಮಧ್ಯಾಹ್ನ ನೀನು ಅಂಗಡಿಗೆ ಹೋದಮೇಲೆ ನಾವಿಬ್ಬರೂ ಜಗಳವಾಡಿದೆವು. ಪಕ್ಕದ ಮನೆಯಾಕೆ ಬಂದು ಇಣುಕಿ ಹೋದರು, ಅಷ್ಟು ಜೋರು. "ಹದಿನೆಂಟು ಚಿತ್ರ ಮಾಡಿದೆಯಲ್ಲ, ಅಕ್ಕನನ್ನ ಒಂದಕ್ಕಾದ್ರೂ ಕರೀಬಹುದಿತ್ತಲ್ಲ" ಎಂದೆ. "ಕರೆಯೋಕೆ ಮುಖ ಎಲ್ಲಿತ್ತೇ ನನಗೆ" ಎಂದಳು. "ಆ ಮುಖ ನೋಡಿಯೇ ಅಲ್ವಾ ಅವರು ನಿನ್ನ ಇಟ್ಕೊಂಡಿದ್ದು" ಎಂದೆ. ಅವಳು ನಕ್ಕುಬಿಟ್ಟಳು. ನನಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಸಂಜೆ ನೀನು ಬಂದಾಗ ನಾವು ಕಾಫಿ ಕುಡಿಯುತ್ತ ಕೂತಿದ್ದೆವಲ್ಲ, ಎಲ್ಲ ಸರಿಹೋಯಿತು ಎಂದುಕೊಂಡೆ ನೀನು. ಹಾಗೇನಿಲ್ಲ.

ಇಪ್ಪತ್ತರ ಆ ಹುಡುಗಿಯ ಮೇಲೆ ನನಗೆ ಏನೂ ಇಲ್ಲ. ಅರವತ್ತಮೂರರ ನಿನ್ನ ಅಮ್ಮನ ಮೇಲೆ ಇದೆ. ನಡುವಿನ ಇಷ್ಟು ವರ್ಷಗಳಲ್ಲಿ ಅವಳು ಒಂದು ಕಾಗದ ಬರೆಯಬಹುದಿತ್ತು. ಅಕ್ಕ ಬದುಕಿದ್ದಾಗ ಬರೆಯಬಹುದಿತ್ತು. ಬಸ್ಸಿನಲ್ಲಿ ಇಡೀ ದಾರಿ ಇದನ್ನೇ ಮನಸ್ಸಿನಲ್ಲಿ ಹೇಳುತ್ತ ಬಂದೆ. ಊರು ಹತ್ತಿರ ಬಂದಹಾಗೆ ಇನ್ನೊಂದು ಮಾತು ಬಂದು ಪಕ್ಕದಲ್ಲಿ ಕೂತಿತು: ನಾನೂ ಬರೆಯಬಹುದಿತ್ತು. ಸತ್ತಳಂತೆ ಎಂದು ಯಾರೋ ಹೇಳಿದಾಗ ನಾನು ವಿಚಾರಿಸಲೂ ಇಲ್ಲ. ಸತ್ತಿದ್ದರೆ ನನಗೆ ಅನುಕೂಲವಾಗಿತ್ತು. ಬಾಗಿಲು ತೆಗೆದು ಒಳಗೆ ಬಂದರೂ ಆ ಮಾತು ಹೋಗಲಿಲ್ಲ. ಹನ್ನೆರಡು ದಿನದಿಂದ ಅದರ ಜೊತೆ ಇದ್ದೇನೆ.

ನಿನ್ನ ಅಮ್ಮ ನಿನ್ನ ಕೈಲಿ ಬರೆಸಿ ಕಳಿಸಿದ ಕಾರ್ಡು ಬಂತು. "ಅಮ್ಮ ಕ್ಷೇಮ ಕೇಳಿದ್ದಾರೆ, ಮತ್ತೆ ಯಾವಾಗ ಬರುತ್ತೀರಿ ಎನ್ನುತ್ತಿದ್ದಾರೆ" ಎಂದಿದ್ದೀಯ.

ನೀನು ಒಳ್ಳೆಯ ಹುಡುಗ. ನೀನು ಹುಡುಕಿ ಬರದಿದ್ದರೆ ನಾವಿಬ್ಬರೂ ಹೀಗೇ ಇದ್ದುಬಿಡುತ್ತಿದ್ದೆವು. ಆದರೆ ಇನ್ನು ಮೇಲೆ ನಮ್ಮಿಬ್ಬರ ನಡುವೆ ನೀನು ಬೇಡ, ಬೇಜಾರು ಮಾಡಿಕೊಳ್ಳಬೇಡ. ಕೇಳುವುದಿದ್ದರೆ ಅವಳೇ ಬರೆಯಲಿ. ಅವಳಿಗೆ ಅಕ್ಷರ ಬರುತ್ತದೆ.

ಟೀಚರ್